ನಾಲ್ಕು ವರ್ಷದ ಯೋಜನೆ, ಇನ್ನೂ ಬೋಣಿಗೆಯಾಗದ ರೊಟ್ಟಿ

ಪ್ರಶ್ನೆ: ನಾನು ಗದಗ-ಬೆಟಗೇರಿಯವನು, ವಯಸ್ಸು 39. ಎಪಿಎಂಸಿ ಪ್ರಾಂಗಣದ ಅಡತಿ ಅಂಗಡಿಯೊಂದರಲ್ಲಿ 14 ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಸಂಬಳ ಮನೆ ನಡೆಯುವಷ್ಟಿದೆ, ಉಳಿಯುವಷ್ಟಿಲ್ಲ. ಖಡಕ್ ರೊಟ್ಟಿ ಮತ್ತು ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ತಯಾರಿಸಿ ಹುಬ್ಬಳ್ಳಿ, ಬೆಂಗಳೂರು, ಪುಣೆಗೆ ಕಳುಹಿಸುವ ಉದ್ಯೋಗ ಮಾಡಬೇಕೆಂದು ನಾಲ್ಕು ವರ್ಷಗಳಿಂದ ಯೋಚಿಸುತ್ತಿದ್ದೇನೆ. ನನ್ನ ಪತ್ನಿ ರೊಟ್ಟಿ ಬಡಿಯುವುದರಲ್ಲಿ ನುರಿತವಳು, ಓಣಿಯವರೆಲ್ಲ ಹೊಗಳುತ್ತಾರೆ. ಮೂರು ನೋಟುಬುಕ್ ತುಂಬ ಯೋಜನೆ ಬರೆದಿದ್ದೇನೆ. ಹೆಸರು, ಚಿಹ್ನೆ ಸಿದ್ಧವಾಗಿವೆ. ಎರಡು ತರಬೇತಿ ಪಡೆದಿದ್ದೇನೆ. ಯಂತ್ರಕ್ಕೆ ಮೂರೂವರೆ ಲಕ್ಷ ರೂಪಾಯಿಯ ಕೊಟೇಶನ್ ತಂದಿಟ್ಟಿದ್ದೇನೆ. ಆದರೆ ಈವರೆಗೆ ಒಂದು ರೊಟ್ಟಿಯನ್ನೂ ಮಾರಿಲ್ಲ. ಪ್ರತಿ ಯುಗಾದಿಗೆ ‘ಈ ವರ್ಷ ಖಂಡಿತ’ ಎನ್ನುತ್ತೇನೆ. ‘ನಿನ್ನ ರೊಟ್ಟಿ ಹಾಳಿ ಮ್ಯಾಲೇ ಬೇಯಾಕತ್ತಾವು’ ಎಂದು ತಮ್ಮ ಆಡಿದ ಮಾತು ಮನಸ್ಸಿಗೆ ನಾಟಿದೆ. ಗುರಿಯನ್ನು ಬರೆದಿಟ್ಟವರೇ ಗೆಲ್ಲುತ್ತಾರೆಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನ ತೋರಿಸಿದೆ, 21 ದಿನ ಬಿಡದೆ ಮಾಡಿದ್ದು ಅಭ್ಯಾಸವಾಗುತ್ತದೆ ಎಂದು ಹುಬ್ಬಳ್ಳಿಯ ಕಾರ್ಯಾಗಾರವೊಂದರಲ್ಲಿ ಕೇಳಿದೆ. ಬರೆದೂ ಆಯಿತು, 21 ದಿನ ಬೆಳಿಗ್ಗೆ ಐದಕ್ಕೆ ಎದ್ದೂ ಆಯಿತು, ಏನೂ ಬದಲಾಗಲಿಲ್ಲ. 1976ರಲ್ಲಿ ಒಂದೇ ಲಾರಿಯಿಂದ ಆರಂಭಿಸಿದ ವಿಜಯ ಸಂಕೇಶ್ವರರು ನಮ್ಮ ಗದಗದವರೇ ಎಂದು ನೆನೆದು ಹುರುಪುಗೊಳ್ಳುತ್ತೇನೆ, ಎರಡು ದಿನಕ್ಕೆ ಅದೂ ಇಳಿಯುತ್ತದೆ. ನಾನು ಸೋಮಾರಿಯೇ? ನೌಕರಿ ಬಿಟ್ಟರೆ ಅನಿವಾರ್ಯತೆಯಿಂದಲಾದರೂ ಕೆಲಸ ಆದೀತೇ? ಸಬ್ಸಿಡಿ ಸಾಲ ಪಡೆದು ಯಂತ್ರ ಕೊಳ್ಳಲೇ? ಅಥವಾ ಇನ್ನೊಂದು ತರಬೇತಿಗೆ ಹೋಗಲೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆಗಳಿದ್ದರೂ ಅವುಗಳ ಕೆಳಗಿರುವ ಚಿಂತೆ ಒಂದೇ. ಬೇಕೆನಿಸಿದ್ದನ್ನು, ಮಾಡಬಲ್ಲೆ ಎಂದು ನಂಬಿದ್ದನ್ನು ನಾಲ್ಕು ವರ್ಷವಾದರೂ ಮಾಡದೆ ಉಳಿದಿದ್ದೇನೆಂದರೆ ನನ್ನಲ್ಲಿಯೇ ಏನೋ ದೋಷವಿರಬೇಕು ಎಂಬ ಅಳುಕು ಅದು. ಮೊದಲು ಬ್ಯಾಂಕೊಂದರ ಸಣ್ಣ ಉದ್ಯಮಗಳ ಸಾಲ ವಿಭಾಗದಲ್ಲಿ, ಆಮೇಲೆ ಹುಬ್ಬಳ್ಳಿ-ಧಾರವಾಡದಲ್ಲಿ ಹೊಸದಾಗಿ ಉದ್ಯೋಗ ಹೂಡುವವರಿಗೆ ಸಲಹೆ ಕೊಡುತ್ತ, ಒಟ್ಟು 26 ವರ್ಷ ನಾನು ಇದೇ ಅಳುಕನ್ನು ಹೊತ್ತು ಬಂದವರ ಎದುರು ಕುಳಿತಿದ್ದೇನೆ. ಅವರಲ್ಲಿ ಸೋಮಾರಿಗಳು ಎನ್ನಬಹುದಾದವರು ಬಹಳ ಕಡಿಮೆ. ಸೋಮಾರಿಯಾದವನು ಮೂರು ನೋಟುಬುಕ್ ತುಂಬಿಸುವುದೂ ಇಲ್ಲ, ಎರಡು ತರಬೇತಿಗೆ ರಜೆ ಹಾಕಿ ಹೋಗುವುದೂ ಇಲ್ಲ.

ಶೇಂಗಾ, ಈರುಳ್ಳಿ ಒಟ್ಟಿಗೆ ಬಂದು ಬೀಳುವ ದಿನಗಳಲ್ಲಿ ಅಡತಿ ಅಂಗಡಿಯ ಲೆಕ್ಕ ರಾತ್ರಿ ಎಷ್ಟು ಹೊತ್ತಿನವರೆಗೆ ನಡೆಯುತ್ತದೆ ಎಂಬುದನ್ನು ನಾನು ಕಂಡಿದ್ದೇನೆ. ಆ ಕೆಲಸವನ್ನು 14 ವರ್ಷ ತಪ್ಪದೆ ಮಾಡಿದ ವ್ಯಕ್ತಿಯೇ ತನ್ನ ಸ್ವಂತ ಕೆಲಸವನ್ನು ನಾಲ್ಕು ವರ್ಷ ಮುಂದೂಡಿದ್ದಾನೆಂದರೆ, ವ್ಯತ್ಯಾಸ ಇರುವುದು ವ್ಯಕ್ತಿಯಲ್ಲಲ್ಲ, ಕೆಲಸದ ಏರ್ಪಾಟಿನಲ್ಲಿ. ಅಂಗಡಿಯಲ್ಲಿ ರೈತ ತನ್ನ ಮಾಲಿನ ಲೆಕ್ಕದ ಪಟ್ಟಿಗಾಗಿ ಕಟ್ಟೆಯ ಮೇಲೆ ಕುಳಿತು ಕಾಯುತ್ತಿರುತ್ತಾನೆ. ಅವನಿಗೆ ಊರಿಗೆ ಹೋಗುವ ಕೊನೆಯ ಬಸ್ಸು ಸಿಗಬೇಕು. ಮಾಲೀಕರು ಎದುರಿಗಿರುತ್ತಾರೆ, ಹಮಾಲರು ಕೂಲಿಗೆ ನಿಂತಿರುತ್ತಾರೆ. ನಿಮ್ಮ ಮನಸ್ಸು ಬಯಸಲಿ, ಬಿಡಲಿ, ಕೆಲಸ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ನಿಮ್ಮ ರೊಟ್ಟಿಗಾಗಿ ಮಾತ್ರ ಯಾರೂ, ಎಲ್ಲಿಯೂ, ಯಾವ ಬಸ್ಸಿನ ಹೊತ್ತಿಗೂ ಕಾಯುತ್ತಿಲ್ಲ. ನಾಲ್ಕು ವರ್ಷದ ವಿಳಂಬದ ದೊಡ್ಡ ಪಾಲು ಇಷ್ಟರಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಕಾರ್ಯಾಗಾರದಲ್ಲಿ ಕೇಳಿದ ಮಾತುಗಳು. 1953ರಲ್ಲಿ ಯೇಲ್‌ನಲ್ಲಿ ಪದವಿ ಪಡೆದವರ ಪೈಕಿ ಗುರಿಯನ್ನು ಬರೆದಿಟ್ಟಿದ್ದ ಶೇ 3ರಷ್ಟು ಮಂದಿ ಇಪ್ಪತ್ತು ವರ್ಷಗಳ ನಂತರ ಉಳಿದೆಲ್ಲರ ಒಟ್ಟು ಸಂಪತ್ತಿಗಿಂತ ಹೆಚ್ಚು ಗಳಿಸಿದ್ದರು ಎಂಬ ಕಥೆಯನ್ನು ಪ್ರೇರಣಾ ಭಾಷಣಗಳಲ್ಲಿ ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಅಂಥ ಅಧ್ಯಯನ ನಡೆದೇ ಇಲ್ಲ. ಪತ್ರಕರ್ತರು ಅದರ ಮೂಲವನ್ನು ಹುಡುಕಿಕೊಂಡು ಹೋದಾಗ ವಿಶ್ವವಿದ್ಯಾಲಯದಲ್ಲಾಗಲಿ, ಆ ವರ್ಷದ ಪದವೀಧರರಲ್ಲಾಗಲಿ ಅದರ ಸುಳಿವೇ ಸಿಗಲಿಲ್ಲ. 21 ದಿನದ ಮಾತಿಗೆ ಒಂದು ಮೂಲವಿದೆ, ಆದರೆ ಅದು ಬೇರೆಯದೇ ವಿಷಯ. ಅಮೆರಿಕದ ಪ್ಲಾಸ್ಟಿಕ್ ಸರ್ಜರಿ ವೈದ್ಯ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರು, ಶಸ್ತ್ರಚಿಕಿತ್ಸೆಯ ನಂತರ ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕಾಗುತ್ತದೆ ಎಂದು 1960ರಲ್ಲಿ ಬರೆದಿದ್ದರು. ‘ಕನಿಷ್ಠ’ ಎಂಬ ಪದ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಅಭ್ಯಾಸ ಎಷ್ಟು ದಿನಕ್ಕೆ ಕೂಡಿಬರುತ್ತದೆ ಎಂಬುದನ್ನು ಲಂಡನ್ನಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ಅಧ್ಯಯನ ಮಾಡಿ 2009ರಲ್ಲಿ ಪ್ರಕಟಿಸಿದಾಗ ಸರಾಸರಿ 66 ದಿನ ಎಂದು ಕಂಡುಬಂತು. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಬದಲಾಗುತ್ತಿತ್ತು. ಅದಿರಲಿ, ಅವರು ನೋಡಿದ್ದು ದಿನಾ ಒಂದೇ ಹೊತ್ತಿಗೆ ಮಾಡುವ ಚಿಕ್ಕ ಕೆಲಸಗಳನ್ನು. ಉದ್ಯೋಗವೊಂದನ್ನು ಆರಂಭಿಸುವುದು ಅಭ್ಯಾಸವೇ ಅಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ನೀವು ಏನು ಮಾಡಿದಿರಿ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ನನ್ನ ಊಹೆ ಸರಿಯಾಗಿದ್ದರೆ ಮೂರನೆಯ ನೋಟುಬುಕ್ ತುಂಬಿದ್ದು ಆಗಲೇ.

ಸಂಕೇಶ್ವರರ ಲಾರಿಯ ಸಂಗತಿ ನಿಜ. ಆದರೆ ಅದರಿಂದ ‘ಧೈರ್ಯ ಮಾಡಿದವನಿಗೆ ದಾರಿ ತೆರೆಯುತ್ತದೆ’ ಎಂಬ ಪಾಠ ತೆಗೆಯುವಾಗ ಸ್ವಲ್ಪ ನಿಲ್ಲಬೇಕು. ಸಾಲ ಮಾಡಿ ಒಂದು ಲಾರಿ ಕೊಂಡು, ಎರಡು ವರ್ಷಕ್ಕೆ ಅದನ್ನು ಮಾರಿ ಮತ್ತೆ ನೌಕರಿಗೆ ಸೇರಿದವರು ಎಲ್ಲ ಕಾಲದಲ್ಲೂ ಇದ್ದಾರೆ; ಅವರ ಹೆಸರನ್ನು ಯಾರೂ ಹೇಳುವುದಿಲ್ಲ. ನನ್ನ ಮೇಜಿನ ಎದುರಿಗೆ ಗೆದ್ದವರೂ ಸೋತವರೂ ಕುಳಿತಿದ್ದರು. ಧೈರ್ಯದಲ್ಲಿ ಅವರ ನಡುವೆ ನನಗೆ ಭೇದ ಕಾಣಲಿಲ್ಲ.

ಹಾಗಾದರೆ ಯೋಚನೆ ಯಾಕೆ ಕೈಗೆ ಇಳಿಯಲಿಲ್ಲ? ಯಾರೂ ಕಾಯುತ್ತಿಲ್ಲ ಎಂಬುದು ಒಂದು ಕಾರಣ ಎಂದೆ. ಎರಡನೆಯದು, ಯೋಜನೆ ತಾನೇ ಒಂದು ಬಗೆಯ ಸಮಾಧಾನ ಕೊಟ್ಟುಬಿಡುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಎಟಿಂಗನ್ ಇದನ್ನು ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. 2002ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ, ಓದು ಮುಗಿಸುತ್ತಿದ್ದ ವಿದ್ಯಾರ್ಥಿಗಳ ಪೈಕಿ ತಮಗೆ ಒಳ್ಳೆಯ ಕೆಲಸ ಸಿಕ್ಕಿದಂತೆ ಹೆಚ್ಚು ಹೆಚ್ಚು ಸುಂದರವಾಗಿ ಕಲ್ಪಿಸಿಕೊಳ್ಳುತ್ತಿದ್ದವರು ಎರಡು ವರ್ಷಗಳ ನಂತರ ಕಡಿಮೆ ಅರ್ಜಿ ಹಾಕಿದ್ದರು, ಕಡಿಮೆ ಸಂಬಳದಲ್ಲಿದ್ದರು. ಕಲ್ಪನೆಯಲ್ಲಿಯೇ ಊಟ ಮುಗಿದಿದ್ದರೆ ಒಲೆ ಹೊತ್ತಿಸುವ ಆತುರ ಎಲ್ಲಿಂದ ಬರಬೇಕು? ಇನ್ನೊಬ್ಬರಿಗೆ ಹೇಳುವುದೂ ಕೆಲವೊಮ್ಮೆ ಹೀಗೆಯೇ ಕೆಲಸ ಮಾಡುತ್ತದೆ. ಪೀಟರ್ ಗೋಲ್ವಿಟ್ಸರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಒಳ್ಳೆಯ ವಕೀಲನಾಗಲು ಶ್ರಮಿಸುತ್ತೇನೆ ಎಂಬ ತಮ್ಮ ಸಂಕಲ್ಪವನ್ನು ಬೇರೆಯವರು ಗಮನಿಸಿದರೆಂದು ತಿಳಿದ ಕಾನೂನು ವಿದ್ಯಾರ್ಥಿಗಳು, ಗುಟ್ಟಾಗಿ ಇಟ್ಟುಕೊಂಡವರಿಗಿಂತ ಕಡಿಮೆ ಹೊತ್ತು ಓದಿನ ಕೆಲಸಕ್ಕೆ ಕುಳಿತರು. ಅಂಗಡಿಯ ಹೆಸರು, ಚಿಹ್ನೆ, ಬಣ್ಣದ ಪೊಟ್ಟಣದ ನಮೂನೆ ಎಲ್ಲವನ್ನೂ ನೆಂಟರಿಗೆ ತೋರಿಸಿದಾಗ ನೀವು ಅರ್ಧ ಉದ್ಯಮಿಯಾಗಿದ್ದಿರಿ. ಉಳಿದ ಅರ್ಧಕ್ಕೆ ಹಸಿವು ಸಾಲಲಿಲ್ಲ.

ಮೂರನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ನಮ್ಮ ಕಡೆ ರೊಟ್ಟಿ ಕೊಡುವ ವಸ್ತು. ನಾಗರಪಂಚಮಿಯ ಹೊತ್ತಿಗೆ ಬರುವ ರೊಟ್ಟಿ ಹಬ್ಬದಲ್ಲಿ ಬುಟ್ಟಿ ಹಿಡಿದು ಮನೆಮನೆಗೆ ಹಂಚುತ್ತೇವೆ. ನಿಮ್ಮದೇ ಜಿಲ್ಲೆಯ ಡಂಬಳದ ಜಾತ್ರೆಯಲ್ಲಿ ರೊಟ್ಟಿಯೇ ಪ್ರಸಾದ. ಅದಕ್ಕೆ ಬೆಲೆ ಹೇಳುವಾಗ ಗಂಟಲು ಕಟ್ಟುತ್ತದೆ. ಮೊಬೈಲ್ ಅಂಗಡಿಯಲ್ಲಿ ಕುಳಿತು ಚೌಕಾಸಿಗೆ ಬಗ್ಗದೆ ವ್ಯಾಪಾರ ಮಾಡುವ ಹುಡುಗರು ತಾಯಿಯ ಕೈಯ ಚಟ್ನಿಗೆ ಎಷ್ಟು ಎಂದು ಕೇಳಿದರೆ ‘ನೀವೇ ನೋಡಿ ಕೊಡ್ರಿ’ ಎಂದು ತಲೆ ತಗ್ಗಿಸಿದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಇದರ ಜೊತೆಗೆ ಪರಿಚಿತರ ಊರಿನಲ್ಲಿ ಸೋಲುವ ಭಯ. ಮಾರದೆ ಇರುವ ರೊಟ್ಟಿಗೆ ‘ತುಟ್ಟಿ ಆತು’ ಎಂದು ಯಾರೂ ಹೇಳಲಾರರು. ನೋಟುಬುಕ್ಕಿನಲ್ಲಿರುವವರೆಗೆ ನಿಮ್ಮ ಉದ್ಯೋಗ ಒಮ್ಮೆಯೂ ಸೋತಿಲ್ಲ. ಈ ಭಯ ಅವಮಾನದ ಸಂಗತಿಯಲ್ಲ. ಆದರೆ ಅದು ಇದೆ ಎಂದು ಒಪ್ಪಿಕೊಳ್ಳದೆ ಇನ್ನಷ್ಟು ಯೋಜನೆ ಬರೆದರೆ ಅದು ಆ ಪುಟಗಳ ನಡುವೆಯೇ ಅಡಗಿ ಕುಳಿತಿರುತ್ತದೆ.

ಈಗ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ ಮಾತಿಗೆ ಬರುತ್ತೇನೆ. ಪತ್ನಿ ನುರಿತವರು ಎಂದು ನೀವು ಬರೆದಿದ್ದೀರಿ. ಓಣಿಯವರು, ತಮ್ಮ, ಭಾಷಣಕಾರರು ಏನು ಹೇಳಿದರು ಎಂಬುದನ್ನೂ ಬರೆದಿದ್ದೀರಿ. ಪತ್ನಿ ಏನು ಹೇಳುತ್ತಾರೆ ಎಂಬ ಒಂದು ಸಾಲೂ ಇಲ್ಲ. ನೀವು ಯೋಜಿಸಿರುವ ಉದ್ಯೋಗದಲ್ಲಿ ಹಿಟ್ಟು ನಾದುವವರು, ಬಡಿಯುವವರು, ಹಂಚಿನ ಮುಂದೆ ಬೆವರುವವರು, ಖಡಕ್ ಆಗುವವರೆಗೆ ಕಾಯುವವರು ಅವರು. ಮನೆಯ ಅಡುಗೆ, ಮಕ್ಕಳ ಶಾಲೆ, ಹಿರಿಯರಿದ್ದರೆ ಅವರ ಆರೈಕೆ ಇವೆಲ್ಲ ಮುಗಿದ ಮೇಲೆ ಅವರಿಗೆ ಉಳಿಯುವ ಹೊತ್ತು ಎಷ್ಟು, ಭುಜ ಮತ್ತು ಮಣಿಕಟ್ಟು ಎಷ್ಟು ಹೊತ್ತಿನವರೆಗೆ ತಾಳುತ್ತವೆ, ಬೇಸಿಗೆಯ ಮಧ್ಯಾಹ್ನ ಹಂಚಿನ ಎದುರು ಕುಳಿತುಕೊಳ್ಳಲು ಮನಸ್ಸಿದೆಯೇ ಎಂಬುದು ನಿಮ್ಮ ಮೂರು ನೋಟುಬುಕ್ಕುಗಳ ಯಾವ ಪುಟದಲ್ಲಿದೆ? ಅಡುಗೆಯ ಉದ್ಯೋಗಗಳು ಹೊರಡದೆ ನಿಂತ ಎಷ್ಟೋ ಮನೆಗಳಲ್ಲಿ ನಾನು ಕಂಡ ನಿಜವಾದ ತಡೆ ಇದು. ಯೋಜನೆ ಒಬ್ಬರದು, ಕೈ ಇನ್ನೊಬ್ಬರದು. ಕೈಯ ಒಡತಿಗೆ ಪಾಲು, ಕೂಲಿ, ಮಾತು ಯಾವುದೂ ಗೊತ್ತಾಗಿರುವುದಿಲ್ಲ. ಅವರು ‘ಬೇಡ’ ಎನ್ನುವುದಿಲ್ಲ, ‘ನೋಡೋಣು’ ಎನ್ನುತ್ತಾರೆ, ಮತ್ತು ಯುಗಾದಿ ಬಂದು ಹೋಗುತ್ತದೆ.

ಆದ್ದರಿಂದ ನಿಮ್ಮ ಮೊದಲ ಕೆಲಸ ಬ್ಯಾಂಕಿನಲ್ಲಿಲ್ಲ, ಮನೆಯಲ್ಲಿದೆ. ಒಂದು ಸಂಜೆ, ಮಕ್ಕಳು ಮಲಗಿದ ಮೇಲೆ, ನೋಟುಬುಕ್ ಪಕ್ಕಕ್ಕಿಟ್ಟು ಅವರನ್ನು ಕೇಳಿ: ವಾರಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಆದೀತು, ಯಾವ ಮನೆಗೆಲಸವನ್ನು ನಾನು ವಹಿಸಿಕೊಂಡರೆ ಆದೀತು, ರೊಟ್ಟಿಗೆ ಎಷ್ಟು ಕೂಲಿ ಎಂದು ಹಿಡಿಯೋಣ. ನಿಮ್ಮ ಲೆಕ್ಕದಲ್ಲಿ ಅವರ ದುಡಿಮೆಗೆ ಬೆಲೆ ಸೊನ್ನೆ ಎಂದು ಹಿಡಿದಿದ್ದರೆ ಲಾಭ ಸುಳ್ಳು. ಓಣಿಯ ಬೇರೊಬ್ಬ ಹೆಣ್ಣುಮಗಳನ್ನು ಕರೆದರೆ ಕೊಡಬೇಕಾದ ಕೂಲಿಯನ್ನೇ ಅವರ ಹೆಸರಿಗೆ ಬರೆದು, ಅದನ್ನು ಕೈಗೆ ಕೊಟ್ಟು, ಆಮೇಲೆ ಏನು ಉಳಿಯುತ್ತದೆ ಎಂದು ನೋಡಬೇಕು. ಅವರು ಮನಸ್ಸಿಲ್ಲ ಎಂದು ಸ್ಪಷ್ಟವಾಗಿ ಹೇಳಿದರೆ, ನಾಲ್ಕು ವರ್ಷದ ಗೊಂದಲ ಅದೇ ಸಂಜೆ ಒಂದು ತೀರ್ಮಾನಕ್ಕೆ ಬಂತು. ಆಗ ನೀವು ಕೂಲಿಯವರನ್ನು ಇಟ್ಟು ಮಾಡುವ ಬೇರೆ ಉದ್ಯೋಗದ ಬಗ್ಗೆ ಯೋಚಿಸಬೇಕೇ ಹೊರತು ಇದರ ಬಗ್ಗೆಯಲ್ಲ.

ಅವರು ಒಪ್ಪಿದರೆ ಮುಂದಿನ ದಾರಿಗಳನ್ನು ಒಂದೊಂದಾಗಿ ನೋಡೋಣ.

ನೌಕರಿ ಬಿಡುವುದು ನಾನು ಒಪ್ಪದ ದಾರಿ. ಅನಿವಾರ್ಯತೆ ಕೆಲಸ ಮಾಡಿಸುತ್ತದೆ ಎಂಬುದು ಅರ್ಧ ನಿಜ. ಅದು ಅವಸರದ ಕೆಲಸವನ್ನೂ ಮಾಡಿಸುತ್ತದೆ. ಹಾವೇರಿ ಜಿಲ್ಲೆಯ ಒಬ್ಬರು ಕಾಯಂ ನೌಕರಿ ಬಿಟ್ಟು ಖಾರದಪುಡಿಯ ಉದ್ಯೋಗಕ್ಕೆ ಇಳಿದರು. ಮಾಲು ಒಳ್ಳೆಯದೇ ಇತ್ತು. ಜೂನ್ ತಿಂಗಳಲ್ಲಿ ಮಕ್ಕಳ ಶುಲ್ಕ ತುಂಬಬೇಕಾಗಿ ಬಂದಾಗ ಕೈಯಲ್ಲಿದ್ದ ದಾಸ್ತಾನನ್ನು ಅಸಲಿಗಿಂತ ಕಡಿಮೆಗೆ ಒಬ್ಬ ವ್ಯಾಪಾರಿಗೆ ಕೊಟ್ಟರು, ಆ ದರವೇ ಮುಂದೆ ಅವರ ದರವಾಗಿ ನಿಂತುಬಿಟ್ಟಿತು. ಸಂಬಳವಿದ್ದಿದ್ದರೆ ಎರಡು ತಿಂಗಳು ತಡೆದು ಮಾರುತ್ತಿದ್ದರು. ಪತ್ನಿಯ ಕೂಲಿ ಕಳೆದ ಮೇಲೂ ಸತತ ಆರು ತಿಂಗಳು ನಿಮ್ಮ ಸಂಬಳದ ಅರ್ಧದಷ್ಟಾದರೂ ಉಳಿಯುವವರೆಗೆ ಅಡತಿ ಅಂಗಡಿ ಬಿಡುವ ಮಾತೇ ಬೇಡ.

ಸಾಲ ಮತ್ತು ಯಂತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಕನಿಷ್ಠ ಶೇ 10ರಷ್ಟು ನಿಮ್ಮ ಸ್ವಂತ ಭಾಂಡವಲ ಇರಬೇಕು. ರಾಜ್ಯದ ಹೆಚ್ಚುವರಿ ನೆರವು ಎಷ್ಟು, ಅರ್ಜಿ ಈಗ ತೆರೆದಿದೆಯೇ ಎಂಬುದನ್ನು ಜಿಲ್ಲಾ ಕೃಷಿ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಆದರೆ ಸಹಾಯಧನ ನಿಮ್ಮ ಕೈಗೆ ಬರುವ ನಗದಲ್ಲ. ಅದು ಸಾಲ ಕೊಟ್ಟ ಬ್ಯಾಂಕಿನಲ್ಲಿಯೇ ಪ್ರತ್ಯೇಕ ಖಾತೆಯಲ್ಲಿ ಇರುತ್ತದೆ, ಮೂರು ವರ್ಷ ಘಟಕ ನಡೆದು ಕಂತು ಸರಿಯಾಗಿ ಕಟ್ಟಿದ್ದರೆ ಆಗ ಸಾಲಕ್ಕೆ ಜಮೆಯಾಗುತ್ತದೆ. ನಿಮ್ಮ ಮೂರೂವರೆ ಲಕ್ಷದ ಯಂತ್ರಕ್ಕೆ ಸ್ವಂತ ಹಣ 35,000, ಕೇಂದ್ರದ ಸಹಾಯಧನ 1,22,500 ಎಂದು ಕಾಗದದ ಮೇಲೆ ಚೆಂದ ಕಾಣುತ್ತದೆ. ಘಟಕ ಎರಡನೆಯ ವರ್ಷ ನಿಂತರೆ ಆ 1,22,500 ಇಲ್ಲವಾಗುತ್ತದೆ, ಸಾಲ ಉಳಿಯುತ್ತದೆ. ಸಹಾಯಧನ ಇದೆ ಎಂಬ ಒಂದೇ ಕಾರಣಕ್ಕೆ ಕೊಂಡು, ತಾಡಪತ್ರಿ ಹೊದಿಸಿ ಹಿತ್ತಲಲ್ಲಿ ನಿಲ್ಲಿಸಿದ ಯಂತ್ರಗಳನ್ನು ತಪಾಸಣೆಗೆ ಹೋದಾಗ ನಾನು ನೋಡಿದ್ದೇನೆ. ಆ ಮನೆಯವರ ಮುಖ ಇನ್ನೂ ನೆನಪಿದೆ.

ಅದಕ್ಕಿಂತ ಮೂಲಭೂತವಾದ ಒಂದು ತೊಡಕಿದೆ. ಓಣಿಯವರು ಹೊಗಳಿದ್ದು ಪತ್ನಿ ಕೈಯಿಂದ ಬಡಿದ ರೊಟ್ಟಿಯನ್ನು. ಯಂತ್ರ ಒತ್ತಿದ ರೊಟ್ಟಿಯ ದಪ್ಪ, ಬೇಯುವ ಬಗೆ, ಬಾಯಲ್ಲಿ ಮುರಿಯುವ ಬಗೆ ಬೇರೆ. ಯಂತ್ರ ಕೊಂಡ ದಿನ ನೀವು ಯಾರೂ ಇನ್ನೂ ರುಚಿ ನೋಡದ ಬೇರೊಂದು ಪದಾರ್ಥವನ್ನು ಮಾರಲು ಹೊರಟಂತೆ. ಮೊದಲು ಕೈರೊಟ್ಟಿಗೆ ಬೇಡಿಕೆ ಹುಟ್ಟಿ, ಆ ಬೇಡಿಕೆಯನ್ನು ಎರಡು ಮೂರು ಕೈಗಳು ಪೂರೈಸಲಾರದ ಸ್ಥಿತಿ ಬಂದಾಗ ಯಂತ್ರದ ಪ್ರಶ್ನೆ ಕೇಳಬೇಕು. ಆಗಲೂ ಕೊಳ್ಳುವ ಮೊದಲು ನಿಮ್ಮದೇ ಹಿಟ್ಟು ಒಯ್ದು, ಅಂಥ ಯಂತ್ರ ಇರುವ ಕಡೆ ನೂರು ರೊಟ್ಟಿ ಮಾಡಿಸಿ, ನಿಮ್ಮ ಗಿರಾಕಿಗಳಿಗೇ ಕೊಟ್ಟು ನೋಡಿ.

ನನ್ನ ಸಲಹೆ ಎಂಟು ವಾರದ ಒಂದು ಪ್ರಯೋಗ. ಸಾಲವಿಲ್ಲ, ಯಂತ್ರವಿಲ್ಲ, ಚಿಹ್ನೆಯೂ ಬೇಕಿಲ್ಲ. ಕಳೆದುಹೋದರೂ ಮನೆಗೆ ಧಕ್ಕೆಯಾಗದ ಒಂದು ಮೊತ್ತವನ್ನು, ಉದಾಹರಣೆಗೆ 6,000 ರೂಪಾಯಿಯನ್ನು, ಇಬ್ಬರೂ ಕೂಡಿ ಗೊತ್ತುಮಾಡಿ ಬೇರೆ ಡಬ್ಬಿಯಲ್ಲಿಡಿ. ಅದು ತೀರಿದರೆ ಪ್ರಯೋಗ ಅಲ್ಲಿಗೆ ನಿಲ್ಲಬೇಕು. ಆರಂಭಕ್ಕೆ ಚಟ್ನಿಪುಡಿಗಳನ್ನು ಬಿಟ್ಟು ರೊಟ್ಟಿ ಒಂದನ್ನೇ ಹಿಡಿಯಿರಿ.

ಇಲ್ಲಿ ಗೋಲ್ವಿಟ್ಸರ್ ಅವರ ಇನ್ನೊಂದು ಸಂಶೋಧನೆ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. 1997ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಕ್ರಿಸ್‌ಮಸ್ ರಜೆಯಲ್ಲಿ ಒಂದು ವರದಿ ಬರೆದು ಕಳುಹಿಸಲು ವಿದ್ಯಾರ್ಥಿಗಳಿಗೆ ಹೇಳಲಾಗಿತ್ತು. ಯಾವ ಹೊತ್ತಿಗೆ, ಯಾವ ಜಾಗದಲ್ಲಿ ಕುಳಿತು ಬರೆಯುತ್ತೇನೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡವರಲ್ಲಿ ಹೆಚ್ಚಿನವರು ಸಮಯಕ್ಕೆ ಬರೆದು ಮುಗಿಸಿದರು. ಬರೀ ‘ಬರೆಯುತ್ತೇನೆ’ ಎಂದುಕೊಂಡವರಲ್ಲಿ ಮೂರನೆಯ ಒಂದು ಭಾಗದಷ್ಟು ಮಂದಿ ಮಾತ್ರ. ಇಂಥ 94 ಪ್ರಯೋಗಗಳನ್ನು ಒಟ್ಟುಗೂಡಿಸಿ 2006ರಲ್ಲಿ ನೋಡಿದಾಗಲೂ ಈ ಪರಿಣಾಮ ಸ್ಪಷ್ಟವಾಗಿ ಕಂಡಿತು. ನಿಮ್ಮ ನೋಟುಬುಕ್ಕಿನಲ್ಲಿ ಇಲ್ಲದೆ ಇರುವುದು ಇದೇ: ಐದು ವರ್ಷದ ವಹಿವಾಟಿನ ಅಂದಾಜು ಇದೆ, ಬರುವ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ನೀವು ಎಲ್ಲಿರುತ್ತೀರಿ ಎಂಬುದಿಲ್ಲ.

ಆದ್ದರಿಂದ ಹೀಗೆ ಗೊತ್ತುಮಾಡಿ. ಭಾನುವಾರ ಬೆಳಿಗ್ಗೆ ಚಹಾ ಕುಡಿದ ಕೂಡಲೇ, ಪತ್ನಿ ಹಿಂದಿನ ದಿನ ಮಾಡಿಟ್ಟ ಹತ್ತು ರೊಟ್ಟಿ ಕಟ್ಟಿಕೊಂಡು, ಮುಳಗುಂದ ನಾಕಾದ ಹತ್ತಿರ ನಿಮಗೆ ಪರಿಚಯವಿರುವ ಖಾನಾವಳಿಗೆ ಹೋಗುತ್ತೇನೆ. ರುಚಿ ನೋಡಿಸಿ, ಬುಧವಾರಕ್ಕೆ ಐವತ್ತು ರೊಟ್ಟಿ ಬೇಕೇ ಎಂದು ಕೇಳುತ್ತೇನೆ. ಮಾಲೀಕರು ಬೇಡ ಎಂದರೆ ಮನೆಗೆ ಮರಳದೆ ನೇರವಾಗಿ ಎರಡನೆಯ ಖಾನಾವಳಿಗೆ ಹೋಗುತ್ತೇನೆ. ಬೆಲೆ ಕೇಳಿದಾಗ ಗಂಟಲು ಕಟ್ಟಿದರೆ, ಚೀಟಿಯಲ್ಲಿ ಬರೆದುಕೊಂಡು ಬಂದ ದರವನ್ನು ಓದಿ ಹೇಳುತ್ತೇನೆ. ಕೊನೆಯ ಮಾತು ಚಿಕ್ಕದೆನಿಸಬಹುದು, ಆದರೆ ಹಲವರಿಗೆ ನಾನು ಇದನ್ನು ಹೇಳಿಕೊಟ್ಟಿದ್ದೇನೆ, ಉಪಯೋಗವಾಗಿದೆ. ಖಾನಾವಳಿಯ ಜೊತೆಗೆ ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನೆಂಟರ ಮಕ್ಕಳು ಇಬ್ಬರು ಮೂವರಿಗೆ ಫೋನು ಮಾಡಿ, ಮುಂಗಡ ಹಣ ಪಡೆದೇ ಬೇಡಿಕೆ ಹಿಡಿಯಿರಿ. ಮುಂಗಡ 200 ರೂಪಾಯಿಯಾದರೂ ಸರಿ. ಆಗ ಒಬ್ಬರು ಕಾಯುತ್ತಿರುತ್ತಾರೆ.

ಒಬ್ಬರ ಸಂಕಲ್ಪ ಇನ್ನೊಬ್ಬರ ಹಣದೊಂದಿಗೆ ಹೆಣೆದುಕೊಂಡಾಗ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಜಿಲ್ಲೆಯಲ್ಲಿಯೇ ಹಳೆಯ ಉದಾಹರಣೆಯಿದೆ. ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ದೇಶದಲ್ಲಿಯೇ ಅದು ಮೊದಲನೆಯದು ಎಂದು ಗುರುತಿಸಲಾಗಿದೆ. ಸಾಹುಕಾರರ ಬಡ್ಡಿಯಿಂದ ಬಿಡುಗಡೆ ಬೇಕೆಂಬ ವಿಚಾರ ಎಷ್ಟೋ ಊರುಗಳಲ್ಲಿ ಇದ್ದಿರಬೇಕು. ಅಲ್ಲಿ ಅದು ಸಂಘವಾಗಿ ನಿಂತದ್ದು, ಸದಸ್ಯರು ಪಾಲಿನ ಹಣ ಹಾಕಿ ಒಬ್ಬರಿಗೊಬ್ಬರು ಉತ್ತರ ಕೊಡಬೇಕಾದ ಸ್ಥಿತಿಯನ್ನು ತಾವೇ ತಂದುಕೊಂಡದ್ದರಿಂದ ಎಂದು ನಾನು ತಿಳಿದಿದ್ದೇನೆ.

ಪ್ರಯೋಗದಲ್ಲಿಯೂ ನಷ್ಟದ ದಾರಿಗಳಿವೆ. ಎಲ್ಲಕ್ಕಿಂತ ದೊಡ್ಡದು ಉದ್ರಿ. ಖಾನಾವಳಿಯವರು ವಾರಕ್ಕೊಮ್ಮೆ ಕೊಡುತ್ತೇವೆ ಎನ್ನುತ್ತಾರೆ, ಎರಡನೆಯ ವಾರ ಮುಂದಿನ ವಾರ ಎನ್ನುತ್ತಾರೆ. 6,000 ರೂಪಾಯಿಯ ಭಾಂಡವಲದಲ್ಲಿ 2,000 ಉದ್ರಿಯಲ್ಲಿ ಸಿಕ್ಕಿಕೊಂಡರೆ ಮೂರನೆಯ ವಾರಕ್ಕೆ ಜೋಳ ತರಲು ಹಣವಿರುವುದಿಲ್ಲ. ಹಿಂದಿನ ಬಾಕಿ ಬರದೆ ಮುಂದಿನ ಗಂಟು ಇಳಿಸುವುದಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ನಗುನಗುತ್ತ ಹೇಳಿಬಿಡಿ. ಅಡತಿ ಅಂಗಡಿಯಲ್ಲಿ 14 ವರ್ಷ ಕುಳಿತವರಿಗೆ ಉದ್ರಿಯ ಸ್ವಭಾವವನ್ನು ನಾನು ಹೇಳಿಕೊಡಬೇಕಾಗಿಲ್ಲ. ಇನ್ನೊಂದು, ತೇವ. ಮಳೆ ಹಿಡಿದ ವಾರ ಖಡಕ್ ರೊಟ್ಟಿ ಮೆತ್ತಗಾಗುತ್ತದೆ, ಬೂಸ್ಟು ಬರುತ್ತದೆ. ಪೂರ್ತಿ ಆರುವ ಮೊದಲು ಪೊಟ್ಟಣ ಕಟ್ಟಿದರೆ ಬಿಸಿಲಿನ ದಿನವೂ ಇದೇ ಗತಿ. ಬೆಂಗಳೂರಿಗೆ ಹೋದ ಪೊಟ್ಟಣದಲ್ಲಿ ಎಷ್ಟು ರೊಟ್ಟಿ ಮುರಿದವು ಎಂಬುದನ್ನು ಎಣಿಸಿ ತಿಳಿಸಲು ಗಿರಾಕಿಗೇ ಕೇಳಿ. ಮುಂದೆ ಶೇಂಗಾ ಚಟ್ನಿ ಸೇರಿಸುವಾಗ ಎಣ್ಣೆಯ ಅಂಶದಿಂದ ಬರುವ ಕಮಟು ವಾಸನೆ ಎಷ್ಟು ದಿನಕ್ಕೆ ಶುರುವಾಗುತ್ತದೆ ಎಂದು ಮನೆಯಲ್ಲಿಯೇ ಕಟ್ಟಿಟ್ಟು ನೋಡಬೇಕು. ಇವನ್ನು ಯಾವ ತರಬೇತಿಯೂ ನಿಮ್ಮ ಹಿಟ್ಟು, ನಿಮ್ಮ ಹಂಚು, ನಿಮ್ಮ ಓಣಿಯ ಹವೆಗೆ ತಕ್ಕಂತೆ ಹೇಳಲಾರದು.

ಕಾಗದಪತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ಮಾಡಿ ಮಾರುವುದಕ್ಕೂ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ಪ್ರಮಾಣದವರಿಗೆ ಅದು ಸರಳ, ಆನ್‌ಲೈನ್‌ನಲ್ಲಿ ಆಗುತ್ತದೆ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ಹಣ ಕೇಳುವವರನ್ನು ನಂಬಬೇಡಿ. ರಾಜ್ಯದೊಳಗೇ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಪುಣೆಯ ವಿಚಾರವನ್ನು ಈ ಎಂಟು ವಾರ ಬದಿಗಿಡಲು ಇದೂ ಒಂದು ಕಾರಣ. ಈ ಕೆಲಸಗಳಿಗೆ ಒಂದು ವಾರ ಕೊಡಿ, ಒಂದು ತಿಂಗಳು ಕೊಡಬೇಡಿ.

ಎಂಟು ವಾರ ಎಂದು ನಾನು ಹೇಳಿದ್ದು ಹತ್ತು ಹನ್ನೆರಡು ಆಗಬಹುದು. ಕೆನಡಾದ ಮನಶ್ಶಾಸ್ತ್ರ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಯಲು ಸರಾಸರಿ 34 ದಿನ ಸಾಕು ಎಂದು ಅಂದಾಜು ಮಾಡಿ 55 ದಿನ ತೆಗೆದುಕೊಂಡದ್ದನ್ನು 1994ರ ಅಧ್ಯಯನವೊಂದು ದಾಖಲಿಸಿದೆ. ತಡವಾದರೆ ಗಾಬರಿಯಾಗಬೇಡಿ. ಆದರೆ ಕೊನೆಯ ದಿನಾಂಕವೊಂದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಬ್ಬರೂ ಗುರುತು ಹಾಕಿ. ಆ ದಿನ ಲೆಕ್ಕ ಎದುರಿಗಿಟ್ಟುಕೊಂಡು ನೋಡಿದಾಗ, ಕೂಲಿ ಕಳೆದು ಏನೂ ಉಳಿಯದಿದ್ದರೆ, ಅಥವಾ ಉಳಿದರೂ ಪತ್ನಿಗೆ ಸಾಕೆನಿಸಿದ್ದರೆ, ನಿಲ್ಲಿಸಿ. ನಿಲ್ಲಿಸುವುದು ಸೋಲಲ್ಲ ಎಂದು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ನನ್ನ ಸಲಹೆಯ ಮೇಲೆ ಹೀಗೆ ನಿಲ್ಲಿಸಿದ ಧಾರವಾಡದ ದಂಪತಿ ಮುಂದೆ ಅದೇ ಗಿರಾಕಿಗಳಿಗೆ ಜೋಳದ ಹಿಟ್ಟು ಬೀಸಿ ಕೊಡುವ ಕೆಲಸ ಹಿಡಿದು ನೆಮ್ಮದಿಯಾಗಿದ್ದಾರೆ. ಗಿರಾಕಿಗಳು ಸಿಕ್ಕಿದ್ದು ರೊಟ್ಟಿ ಹಿಡಿದು ಓಡಾಡಿದಾಗ.

ಕೊನೆಗೆ ಮೂರನೆಯ ತರಬೇತಿ. ನೀವು ಹೋಗಬೇಡಿ. ಧಾರವಾಡದ ಉದ್ಯಮಶೀಲತಾ ತರಬೇತಿ ಕೇಂದ್ರ ಸಿಡಾಕ್‌ನಲ್ಲಿ, ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಆಹಾರ ಪದಾರ್ಥಗಳ ತರಬೇತಿ ಯಾವಾಗ ಇದೆ ಎಂದು ವಿಚಾರಿಸಿ, ನಾಲ್ಕನೆಯ ವಾರದ ನಂತರ, ಪತ್ನಿಗೆ ಮನಸ್ಸಿದ್ದರೆ ಅವರನ್ನು ಕಳುಹಿಸಿ. ಅಷ್ಟರಲ್ಲಿ ಅವರ ಹತ್ತಿರ ಕೇಳಲು ನಿಜವಾದ ಪ್ರಶ್ನೆಗಳಿರುತ್ತವೆ. ಪ್ರಮಾಣಪತ್ರ ಅವರ ಹೆಸರಿನಲ್ಲಿರಲಿ. ಮುಂದೆಂದಾದರೂ ಸಾಲದ ಅರ್ಜಿ ಬರೆಯುವ ದಿನ ಬಂದರೆ ಅದರ ಮೇಲೂ ಅವರ ಹೆಸರು ಇರಬೇಕು. ಅವರು ತರಬೇತಿಯಲ್ಲಿರುವ ದಿನಗಳಲ್ಲಿ ಮನೆಯ ಅಡುಗೆ, ಮಕ್ಕಳ ಡಬ್ಬಿ, ಖಾನಾವಳಿಯ ಬಾಕಿ ವಸೂಲಿ ನಿಮ್ಮ ಪಾಲಿಗೆ.